ಮನೆಯ ಮಾಹಿತಿ ಕಣಜ: ಕ್ಯಾಸೆಟ್ ಕಪಾಟಿನಿಂದ ಜಾಲ-ಸಂಗ್ರಹದವರೆಗೆ

ಬೆಂಗಳೂರಿನ ಜಯನಗರ ಬಡಾವಣೆಯ ಶಂಕುಸ್ಥಾಪನೆ ನಡೆದದ್ದು 1948ರಲ್ಲಿ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರಿಂದ. ಅಶೋಕ ಸ್ತಂಭ ಅದರ ಗುರುತು. ಅದೇ ವರ್ಷದ ಜೂನ್ ತಿಂಗಳಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ಎಲ್‌ಪಿ ತಟ್ಟೆಯನ್ನು ಹೊರತಂದಿತು. ಅಲ್ಲಿಯವರೆಗೆ ಬದಿಗೆ ಮೂರ್ನಾಲ್ಕು ನಿಮಿಷ ಹಾಡುತ್ತಿದ್ದ ಗ್ರಾಮಫೋನ್ ತಟ್ಟೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡತೊಡಗಿತು. ಅದೇ ವರ್ಷ ಕ್ಲಾಡ್ ಶಾನನ್ ಎಂಬ ಗಣಿತಜ್ಞ ಸಂವಹನದ ಗಣಿತ ಸಿದ್ಧಾಂತವನ್ನು ಪ್ರಕಟಿಸಿ, ಮಾಹಿತಿಯನ್ನು ಅಳೆಯುವ ಮಾನಕ್ಕೆ ‘ಬಿಟ್’ ಎಂಬ ಹೆಸರನ್ನು ಬಳಕೆಗೆ ತಂದ. ಹೆಸರನ್ನು ಸೂಚಿಸಿದವನು ಅವನ ಸಹೋದ್ಯೋಗಿ ಜಾನ್ ಟ್ಯೂಕಿ.

ಈ ಮೂರು ಘಟನೆಗಳಿಗೆ ಪರಸ್ಪರ ನಂಟೇನೂ ಇರಲಿಲ್ಲ. ಆದರೆ ಇಂದು ಜಯನಗರ, ಜೆ.ಪಿ. ನಗರ, ಬನಶಂಕರಿಯ ಯಾವುದಾದರೂ ಹಳೆಯ ಮನೆಯ ಕಪಾಟನ್ನು ತೆರೆದು ನೋಡಿ. ಎಲ್‌ಪಿ ತಟ್ಟೆಗಳು, ಆಕಾಶವಾಣಿಯಿಂದ ಧ್ವನಿಮುದ್ರಿಸಿಕೊಂಡ ಕ್ಯಾಸೆಟ್‌ಗಳು, ಮದುವೆಯ ವಿ.ಎಚ್.ಎಸ್. ಕ್ಯಾಸೆಟ್, ವಿ.ಸಿ.ಡಿ., ಡಿ.ವಿ.ಡಿ., ಎರಡು ಮೂರು ಹಳೆಯ ಹಾರ್ಡ್ ಡಿಸ್ಕ್ ಎಲ್ಲವೂ ಒಟ್ಟಿಗೆ ಇರುತ್ತವೆ. ಇವನ್ನೆಲ್ಲ ಬಿಟ್‌ಗಳಾಗಿ ಪರಿವರ್ತಿಸಿ, ಒಂದೇ ಪೆಟ್ಟಿಗೆಯಲ್ಲಿಟ್ಟು, ಮನೆಯ ಯಾವ ಕೋಣೆಯಿಂದಲಾದರೂ ಕೇಳುವ ನೋಡುವ ಸೌಲಭ್ಯವೇ ಜಾಲ-ಸಂಗ್ರಹ. ಅಂಗಡಿಯಲ್ಲಿ ಇದಕ್ಕೆ ‘ನ್ಯಾಸ್’ ಎನ್ನುತ್ತಾರೆ. ಒಂದೋ ಎರಡೋ ನಾಲ್ಕೋ ಡಿಸ್ಕ್, ಒಂದು ಪುಟ್ಟ ಗಣಕ, ಒಂದು ಜಾಲದ ತಂತಿ. ಇದಿಷ್ಟೇ ಅದರ ಒಡಲು.

ಯಾವುದನ್ನು ಆರಿಸಿಕೊಳ್ಳಬೇಕು ಎಂದು ಕೇಳಿದರೆ ಮಾರುವವರು ಮೊದಲು ಹೇಳುವುದು ಎಷ್ಟು ಟೆರಾಬೈಟ್ ಎಂಬ ಲೆಕ್ಕ. ಈ ತಂತ್ರಜ್ಞಾನದ ಇತಿಹಾಸ ನೋಡಿದರೆ, ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ ಎಂದು ನಿಮಗೇ ಅನ್ನಿಸುತ್ತದೆ.

ಸುರುಳಿಯ ಕಾಲ

ಧ್ವನಿಯನ್ನು ಮನೆಯಲ್ಲೇ ಹಿಡಿದಿಡುವ ಸೌಕರ್ಯ ಸಾಮಾನ್ಯರಿಗೆ ದೊರೆತದ್ದು ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್‌ನಿಂದ. ಬೆಂಗಳೂರಿನ ಆಕಾಶವಾಣಿ 1955ರ ನವೆಂಬರ್‌ನಲ್ಲಿ ಆರಂಭವಾಗಿತ್ತು. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು 1939ರಿಂದಲೇ ನಡೆಯುತ್ತಿದ್ದವು. ಟೇಪ್‌ ರೆಕಾರ್ಡರ್ ಕೈಗೆ ಬಂದ ಮೇಲೆ ರಸಿಕರು ರೇಡಿಯೋ ಮುಂದೆ ಕುಳಿತು, ಕಛೇರಿಯ ಪೆಂಡಾಲಿನಲ್ಲಿ ಮೊದಲ ಸಾಲು ಹಿಡಿದು ಧ್ವನಿಮುದ್ರಿಸಿಕೊಂಡರು. ಪ್ರಸಾರ ಕೇಂದ್ರಗಳ ಸ್ಥಿತಿ ಬೇರೆಯಾಗಿತ್ತು. ಟೇಪಿನ ಬೆಲೆ ಹೆಚ್ಚಾಗಿದ್ದ ಕಾಲದಲ್ಲಿ ಒಂದೇ ಟೇಪನ್ನು ಅಳಿಸಿ ಮತ್ತೆ ಬಳಸುವುದು ಜಗತ್ತಿನ ಅನೇಕ ಪ್ರಸಾರ ಸಂಸ್ಥೆಗಳ ವಾಡಿಕೆ. ಹೀಗಾಗಿ ಕೆಲವು ಕಛೇರಿಗಳಿಗೆ ಉಳಿದಿರುವ ಏಕೈಕ ಪ್ರತಿ ಯಾರದೋ ಮನೆಯ ಅಟ್ಟದ ಮೇಲಿರುವ ಸಾಧ್ಯತೆ ಉಂಟು.

ಚಲನಚಿತ್ರಗಳನ್ನು ಮನೆಗೆ ತರುವುದಂತೂ ಆಗದ ಮಾತು. ಬನಶಂಕರಿ 2ನೇ ಹಂತದಲ್ಲಿರುವ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಲ್ಲಿ ಸ್ಥಾಪನೆಯಾಯಿತು. ಅಂಥ ಸಂಘಗಳ ಸದಸ್ಯರಿಗೆ ಚಿತ್ರ ಎಂದರೆ ತಗಡಿನ ಡಬ್ಬಗಳಲ್ಲಿ ಬರುತ್ತಿದ್ದ ಭಾರದ ವಸ್ತು. ಲೆಕ್ಕ ಹಾಕಿ ನೋಡಿ: 35 ಮಿಲಿಮೀಟರ್ ಫಿಲ್ಮ್‌ನ ಒಂದಡಿಯಲ್ಲಿ 16 ಚೌಕಟ್ಟುಗಳು, ಸೆಕೆಂಡಿಗೆ 24 ಚೌಕಟ್ಟು ಓಡಬೇಕು. ಎರಡು ಗಂಟೆಯ ಚಿತ್ರಕ್ಕೆ 10,800 ಅಡಿ, ಅಂದರೆ ಸುಮಾರು ಮೂರೂಕಾಲು ಕಿಲೋಮೀಟರ್ ಫಿಲ್ಮ್ ಬೇಕು. ಪ್ರತಿಗಳು ಕಡಿಮೆ, ಕಾಪಿಡುವುದು ಕಷ್ಟ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತೆಂದು ನಾವೆಲ್ಲ ಪಾಠದಲ್ಲಿ ಓದುತ್ತೇವೆ, ಮಕ್ಕಳಿಗೂ ಹೇಳುತ್ತೇವೆ. ಅದರ ಒಂದು ಪ್ರತಿಯೂ ಇಂದು ಲಭ್ಯವಿಲ್ಲ.

ಬೀದಿಗೊಂದು ವಿ.ಸಿ.ಆರ್.

ಜಪಾನಿನ ಜೆ.ವಿ.ಸಿ. ಕಂಪನಿ 1976ರಲ್ಲಿ ವಿ.ಎಚ್.ಎಸ್. ಕ್ಯಾಸೆಟ್ ತಂದಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಆ ದಶಕದಲ್ಲಿ ವಿ.ಸಿ.ಆರ್. ಸ್ವಂತವಾಗಿ ಕೊಳ್ಳಬಲ್ಲ ಮನೆಗಳು ಕಡಿಮೆ. ದಿನದ ಬಾಡಿಗೆಗೆ ತಂದು, ನೆರೆಹೊರೆಯವರನ್ನೆಲ್ಲ ಕರೆದು ರಾತ್ರಿಯಿಡೀ ಮೂರು ಚಿತ್ರ ನೋಡಿ ಬೆಳಗ್ಗೆ ಹಿಂದಿರುಗಿಸುವುದು ರೂಢಿ. ಆಮೇಲೆ ಬಂದವರು ಕೇಬಲ್‌ನವರು.

ಈ ಕೇಬಲ್‌ ವ್ಯವಸ್ಥೆಯನ್ನು ತಂತ್ರಜ್ಞಾನದ ಇತಿಹಾಸಕಾರರು ಸಾಕಷ್ಟು ಗಮನಿಸಿಲ್ಲ ಎಂದು ನನಗನ್ನಿಸುತ್ತದೆ. ಒಂದು ಕೋಣೆಯಲ್ಲಿ ವಿ.ಸಿ.ಆರ್., ಅಲ್ಲಿಂದ ಮರದಿಂದ ಮರಕ್ಕೆ, ತಾರಸಿಯಿಂದ ತಾರಸಿಗೆ ಹೊರಟ ಏಕಾಕ್ಷ ತಂತಿ, ಅದರ ತುದಿಗಳಲ್ಲಿ ನೂರಾರು ಟೀವಿ. ಸಂಗ್ರಹ ಒಂದು ಕಡೆ, ನೋಡುವುದು ಮತ್ತೊಂದು ಕಡೆ, ನಡುವೆ ಜಾಲ. ಜಾಲ-ಸಂಗ್ರಹದ ತತ್ತ್ವ ಪೂರ್ತಿ ಇದರಲ್ಲಿದೆ. ಒಂದೇ ಕೊರತೆ ಎಂದರೆ ಎಲ್ಲರೂ ಒಂದೇ ಹೊತ್ತಿಗೆ ಒಂದನ್ನೇ ನೋಡಬೇಕು; ಅಡುಗೆ ಮನೆಯಿಂದ ಬರುವುದು ತಡವಾದರೆ ಹಾಡು ತಪ್ಪಿಹೋಯಿತು. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಉಪಗ್ರಹ ವಾಹಿನಿಗಳು ಇದೇ ತಂತಿಯನ್ನೇರಿದವು. ಕೇಬಲ್ ಜಾಲಗಳ ನಿಯಂತ್ರಣಕ್ಕೆ ಕಾಯಿದೆ ಬಂದದ್ದು 1995ರಲ್ಲಿ.

ನಾಲೆಯ ಅಗಲ

ಈಗ ಬಿಟ್‌ಗಳಿಗೆ ಬರೋಣ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯ ಮಾದರಿಗಳನ್ನು ಸೆಕೆಂಡಿಗೆ 44,100 ಸಲ ತೆಗೆದು, ಒಂದೊಂದನ್ನೂ 16 ಬಿಟ್‌ಗಳಲ್ಲಿ ಬರೆಯುತ್ತಾರೆ. ಎಡ ಬಲ ಎರಡು ವಾಹಿನಿ ಸೇರಿದರೆ ಸೆಕೆಂಡಿಗೆ 14,11,200 ಬಿಟ್. ಗಂಟೆಗೆ ಸುಮಾರು 635 ಮೆಗಾಬೈಟ್. ಐ.ಬಿ.ಎಂ. ಕಂಪನಿಯ ಮೊದಲ ಹಾರ್ಡ್ ಡಿಸ್ಕ್ 1956ರದು. ಎರಡಡಿ ಅಗಲದ 50 ತಟ್ಟೆಗಳು, ಒಂದು ಟನ್ನಿಗೂ ಮೀರಿದ ತೂಕ. ಅದರ ಸಾಮರ್ಥ್ಯ 50 ಲಕ್ಷ ಅಕ್ಷರಗಳು, ಇಂದಿನ ಲೆಕ್ಕದಲ್ಲಿ 3.75 ಮೆಗಾಬೈಟ್. ಸಿ.ಡಿ. ಗುಣಮಟ್ಟದ ಸಂಗೀತವನ್ನು ಅದರಲ್ಲಿ ತುಂಬಿದ್ದರೆ 21 ಸೆಕೆಂಡು ಹಿಡಿಸುತ್ತಿತ್ತು. ಒಂದು ಆಲಾಪನೆ ಶುರುವಾಗುವುದಕ್ಕೂ ಸಾಲದು.

ಧ್ವನಿಯೇ ಇಷ್ಟಾದರೆ ಚಲಿಸುವ ಚಿತ್ರದ ಗತಿ ಏನು? 1988ರಲ್ಲಿ ಸೇರಿದ ಎಂಪೆಗ್ ಎಂಬ ತಜ್ಞರ ತಂಡ ಕೈಗೆತ್ತಿಕೊಂಡದ್ದು ಈ ಪ್ರಶ್ನೆಯನ್ನು. ಅವರು ತಮಗೆ ತಾವೇ ಹಾಕಿಕೊಂಡ ಗುರಿಯನ್ನು ಗಮನಿಸಿ: ಚಿತ್ರ ಮತ್ತು ಧ್ವನಿ ಎರಡೂ ಸೇರಿ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್ ಒಳಗಿರಬೇಕು. ಆ ಸಂಖ್ಯೆ ಬಂದದ್ದು ಕಣ್ಣಿನ ರಚನೆಯಿಂದಲ್ಲ, ಸಿ.ಡಿ. ತಿರುಗುವ ವೇಗದಿಂದ! ಸಾಮಾನ್ಯ ವೇಗದಲ್ಲಿ ಸಿ.ಡಿ. ಅಷ್ಟೇ ಬಿಟ್‌ಗಳನ್ನು ಕೊಡಬಲ್ಲದು. ಹೀಗೆ 1993ರಲ್ಲಿ ರೂಪುಗೊಂಡ ವಿ.ಸಿ.ಡಿ.ಯಲ್ಲಿ ಚಿತ್ರಕ್ಕೆ 1150, ಧ್ವನಿಗೆ 224 ಕಿಲೋಬಿಟ್. ಮುಖ ಜೋರಾಗಿ ಅಲುಗಾಡಿದರೆ ಚೌಕ ಚೌಕವಾಗಿ ಒಡೆಯುತ್ತಿತ್ತು. ಒಂದು ಕನ್ನಡ ಚಿತ್ರಕ್ಕೆ ಎರಡು ಮೂರು ಸಿ.ಡಿ. ಬೇಕಾಗುತ್ತಿತ್ತು. ಆದರೂ ಅದು ಮನೆಮನೆಗೆ ಹೋಯಿತು. ಸಂಗ್ರಹ ಎಷ್ಟೇ ದೊಡ್ಡದಿರಲಿ, ನೀರು ಹರಿಯುವ ನಾಲೆಯ ಅಗಲವೇ ನಮಗೆ ಸಿಗುವ ಚಿತ್ರದ ಅಳತೆಯನ್ನು ನಿರ್ಧರಿಸುತ್ತದೆ. ಕಣಜ ತುಂಬಿದ್ದರೂ ಕಾಳು ಬರುವುದು ಬಾಯಿಯಷ್ಟೇ.

ಇದೇ ಲೆಕ್ಕವನ್ನು ಇಂದಿನ ಮನೆಗೆ ಹಾಕೋಣ. ಡಿ.ವಿ.ಡಿ.ಗೆ ಹೆಚ್ಚೆಂದರೆ ಸೆಕೆಂಡಿಗೆ 10 ಮೆಗಾಬಿಟ್ ಬೇಕು. ಬ್ಲೂ-ರೇ ಚಿತ್ರಕ್ಕೆ 40ರವರೆಗೆ. 4ಕೆ ಎನ್ನುವ ಅತಿ ಸ್ಪಷ್ಟ ಚಿತ್ರದ ಡಿಸ್ಕ್‌ನಲ್ಲಿ ಅದು 100ನ್ನೂ ದಾಟಬಲ್ಲದು. ಈಗಿನ ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 150 ಮೆಗಾಬೈಟ್, ಅಂದರೆ 1200 ಮೆಗಾಬಿಟ್ ಓದಬಲ್ಲದು. ಗಿಗಾಬಿಟ್ ಈಥರ್ನೆಟ್ ತಂತಿ 1000 ಮೆಗಾಬಿಟ್. ಮೂರು ಕೋಣೆಗಳಲ್ಲಿ ಮೂವರು ಬ್ಲೂ-ರೇ ಚಿತ್ರ ನೋಡಿದರೂ ಬೇಕಾಗುವುದು 120 ಮೆಗಾಬಿಟ್. ಹಾಗಾದರೆ ಚಿತ್ರ ನೋಡುವುದಕ್ಕೆಂದು ದುಬಾರಿ ಎಸ್.ಎಸ್.ಡಿ. ಹಾಕಿಸಿಕೊಳ್ಳುವುದು ಅನವಶ್ಯಕ. ತಡೆ ಇರುವುದು ಬೇರೆ ಕಡೆ: ಹಳೆಯ 100 ಮೆಗಾಬಿಟ್ ಸ್ವಿಚ್ಚಿನಲ್ಲಿ, ಇಲ್ಲವೇ ವೈ-ಫೈನಲ್ಲಿ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ತರಂಗಗಳ ಬಳಕೆಗೆ ಪರವಾನಗಿ ಬೇಡವೆಂದಾದದ್ದು 2005ರಲ್ಲಿ. ಇಂದು ಬಿ.ಟಿ.ಎಂ. ಬಡಾವಣೆಯ ಪಿ.ಜಿ. ಕಟ್ಟಡಗಳ ನಡುವೆ ನಿಂತು ಫೋನ್ ತೆರೆದರೆ ಹತ್ತಾರು ವೈ-ಫೈ ಹೆಸರುಗಳು ಕಾಣುತ್ತವೆ. ಎಲ್ಲವೂ ಅದೇ ಕಿರಿದಾದ ಪಟ್ಟಿಗೆ ಮುಗಿಬಿದ್ದಿರುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ದಪ್ಪ ಗೋಡೆ, ಕಾಂಕ್ರೀಟ್ ಚಾವಣಿಯನ್ನು ಅದು ದಾಟುವುದು ಕಷ್ಟ. ಟೀವಿಯಿಂದ ಪೆಟ್ಟಿಗೆಯವರೆಗೆ ಒಂದು ತಂತಿ ಎಳೆಸುವ ಖರ್ಚು ಡಿಸ್ಕ್‌ನ ಖರ್ಚಿಗಿಂತ ತೀರ ಕಡಿಮೆ, ಫಲ ಹೆಚ್ಚು.

ಸಾಂಬಾ

ಒಂದು ಗಣಕದ ಡಿಸ್ಕನ್ನು ಮತ್ತೊಂದು ಗಣಕ ತನ್ನದೇ ಎಂಬಂತೆ ಬಳಸುವ ವಿಧಾನಗಳು 1980ರ ದಶಕದ ಮೊದಲರ್ಧದಲ್ಲಿ ಹುಟ್ಟಿದವು. ನೋವೆಲ್ ಕಂಪನಿಯ ನೆಟ್‌ವೇರ್, ಸನ್ ಕಂಪನಿ 1984ರಲ್ಲಿ ರೂಪಿಸಿದ ಎನ್.ಎಫ್.ಎಸ್., ಐ.ಬಿ.ಎಂ.ನಲ್ಲಿ ಹುಟ್ಟಿ ಮೈಕ್ರೊಸಾಫ್ಟ್ ಬೆಳೆಸಿದ ಎಸ್.ಎಂ.ಬಿ. ಇವೆಲ್ಲ ಕಚೇರಿಗಳ ಸಾಧನಗಳು, ಬೆಲೆಯೂ ಕಚೇರಿಯದೇ.

ಅದು ಮನೆಯವರೆಗೆ ಬರಲು ಕಾರಣನಾದವನು ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿದ್ದ ಆಂಡ್ರ್ಯೂ ಟ್ರಿಜೆಲ್ ಎಂಬ ಸಂಶೋಧನ ವಿದ್ಯಾರ್ಥಿ. ತನ್ನ ಪಿ.ಸಿ.ಯಿಂದ ಯೂನಿಕ್ಸ್ ಯಂತ್ರದ ಕಡತಗಳನ್ನು ನೋಡಬೇಕಿತ್ತು. ಅದರ ಒಳಗುಟ್ಟು ತಿಳಿಸುವ ಕೈಪಿಡಿ ಅವನ ಬಳಿ ಇರಲಿಲ್ಲ. ಜಾಲದ ತಂತಿಯಲ್ಲಿ ಹೋಗಿಬರುವ ಸಂದೇಶಗಳನ್ನು ಗಮನಿಸುತ್ತಾ ಹೋದ. ಭಾಷೆ ಬಾರದ ಊರಿನ ಹೋಟೆಲಿನಲ್ಲಿ ಕುಳಿತು, ಯಾರು ಏನು ಕೇಳಿದಾಗ ಮಾಣಿ ಏನು ತರುತ್ತಾನೆ ಎಂದು ನೋಡಿ ನೋಡಿ ಭಾಷೆ ಕಲಿತಂತೆ. 1992ರಲ್ಲಿ ಅವನು ಹೊರಬಿಟ್ಟ ತಂತ್ರಾಂಶ ಮುಂದೆ ‘ಸಾಂಬಾ’ ಎನ್ನಿಸಿಕೊಂಡಿತು. ಎಸ್, ಎಂ, ಬಿ ಅಕ್ಷರಗಳು ಕ್ರಮವಾಗಿ ಬರುವ ಪದವನ್ನು ಗಣಕದ ನಿಘಂಟಿನಲ್ಲಿ ಹುಡುಕಿ ಇಟ್ಟ ಹೆಸರದು. ಸಾಂಬಾ ಮತ್ತು ಲಿನಕ್ಸ್ ಎರಡೂ ಉಚಿತ, ಮುಕ್ತ. ಇಂದು ಅಂಗಡಿಯಲ್ಲಿ ದೊರೆಯುವ ಜಾಲ-ಸಂಗ್ರಹದ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳ ಒಳಗೆ ಇರುವುದು ಈ ಜೋಡಿಯೇ.

ಬಡ ಡಿಸ್ಕುಗಳ ಸಂಘ

ಇನ್ನೊಂದು ಎಳೆ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದ್ದು. ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ 1988ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಹೀಗೆ ವಾದಿಸಿದರು: ಐ.ಬಿ.ಎಂ.ನ 7500 ಮೆಗಾಬೈಟಿನ ಬೃಹತ್ ಡಿಸ್ಕ್ ಒಂದರ ಬದಲು, ಪಿ.ಸಿ.ಗಳಿಗಾಗಿ ತಯಾರಾಗುವ 100 ಮೆಗಾಬೈಟಿನ ಅಗ್ಗದ ಡಿಸ್ಕುಗಳನ್ನು ಗುಂಪಾಗಿ ಕಟ್ಟಿದರೆ ಲಾಭ ಹೆಚ್ಚು. ಆದರೆ ಡಿಸ್ಕುಗಳ ಸಂಖ್ಯೆ ಹೆಚ್ಚಿದಷ್ಟೂ ಒಂದಲ್ಲ ಒಂದು ಕೆಡುವ ಸಂಭವವೂ ಹೆಚ್ಚು. ಅದಕ್ಕೆ ಪರಿಹಾರವಾಗಿ ಹೆಚ್ಚುವರಿ ಮಾಹಿತಿಯನ್ನು ಬರೆದಿಡಬೇಕು. ಈ ಏರ್ಪಾಟಿಗೆ ಅವರಿಟ್ಟ ಹೆಸರು ‘ರೇಡ್’.

ತರಗತಿಯಲ್ಲಿ ಕರಿಹಲಗೆಯ ಮೇಲೆ ಐದು ನಿಮಿಷದಲ್ಲಿ ತೋರಿಸಬಹುದಾದ ಉಪಾಯವಿದು. ಮೊದಲ ಡಿಸ್ಕ್‌ನಲ್ಲಿ 1011 ಇದೆ, ಎರಡನೆಯದರಲ್ಲಿ 0110. ಒಂದೊಂದೇ ಸ್ಥಾನ ನೋಡಿ. ಎರಡೂ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1 ಬರೆಯಿರಿ. ಬಂದದ್ದು 1101. ಇದನ್ನು ಮೂರನೇ ಡಿಸ್ಕ್‌ನಲ್ಲಿಡಿ. ಈಗ ಎರಡನೇ ಡಿಸ್ಕ್ ಸುಟ್ಟುಹೋಯಿತೆನ್ನೋಣ. ಉಳಿದ 1011 ಮತ್ತು 1101ಕ್ಕೆ ಅದೇ ನಿಯಮ ಅನ್ವಯಿಸಿ. 0110 ಮರಳಿ ಬಂತು! ಯಾವುದೇ ಒಂದು ಹೋದರೂ ಮಿಕ್ಕವು ಅದನ್ನು ಮತ್ತೆ ಕಟ್ಟಿಕೊಡುತ್ತವೆ.

ಆದರೆ ಕಟ್ಟಿಕೊಡಲು ಸಮಯ ಹಿಡಿಯುತ್ತದೆ. 8 ಟೆರಾಬೈಟಿನ ಡಿಸ್ಕನ್ನು ಸೆಕೆಂಡಿಗೆ 150 ಮೆಗಾಬೈಟಿನಂತೆ ತುಂಬಿದರೂ ಸುಮಾರು 15 ಗಂಟೆ. ಅಷ್ಟು ಹೊತ್ತು ಉಳಿದ ಡಿಸ್ಕುಗಳು ಎಡೆಬಿಡದೆ ದುಡಿಯಬೇಕು, ವಿದ್ಯುತ್ ಹೋಗಬಾರದು. ಮನೆಯ ಯು.ಪಿ.ಎಸ್. ಸಂಪರ್ಕವನ್ನು ಈ ಪೆಟ್ಟಿಗೆಗೂ ಕೊಡಿಸಬೇಕೆನ್ನುವುದು ಇದಕ್ಕೇ.

ಡಿಸ್ಕ್‌ನ ಒಳರಚನೆಯೂ ಇಲ್ಲಿ ಮುಖ್ಯವಾಗುತ್ತದೆ. ಹೆಚ್ಚು ಮಾಹಿತಿ ಹಿಡಿಸಲೆಂದು ಕೆಲವು ಡಿಸ್ಕುಗಳಲ್ಲಿ ಕಾಂತೀಯ ಪಥಗಳನ್ನು ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಹೊದಿಸಿರುತ್ತಾರೆ. ಇದಕ್ಕೆ ಎಸ್.ಎಂ.ಆರ್. ಎಂದು ಹೆಸರು. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅಕ್ಕಪಕ್ಕದವನ್ನೂ ಎಬ್ಬಿಸಬೇಕಷ್ಟೆ? ಹಾಗೆಯೇ ಇಲ್ಲಿ ಒಂದೆಡೆ ಹೊಸದಾಗಿ ಬರೆಯಬೇಕಾದರೆ ಪಕ್ಕದ ಪಥಗಳನ್ನೂ ಮತ್ತೆ ಬರೆಯಬೇಕು. ಓದುವಾಗ ತೊಂದರೆಯಿಲ್ಲ, ರೇಡ್ ಪುನರ್ನಿರ್ಮಾಣದ ಹೊತ್ತಿಗೆ ವಿಪರೀತ ನಿಧಾನ. ವೆಸ್ಟರ್ನ್ ಡಿಜಿಟಲ್ ಕಂಪನಿ ಜಾಲ-ಸಂಗ್ರಹಕ್ಕೆಂದೇ ಮಾರುತ್ತಿದ್ದ ಕೆಲವು ಡಿಸ್ಕುಗಳಲ್ಲಿ ಈ ವಿಧಾನವನ್ನು ಹೇಳದೆ ಬಳಸಿತ್ತೆಂಬುದು 2020ರ ಏಪ್ರಿಲ್‌ನಲ್ಲಿ ಹೊರಬಿದ್ದು ದೊಡ್ಡ ಗಲಾಟೆಯಾಯಿತು. ಈಗ ವಿವರಪಟ್ಟಿಯಲ್ಲಿ ಸಿ.ಎಂ.ಆರ್. ಅಥವಾ ಎಸ್.ಎಂ.ಆರ್. ಎಂದು ನೋಡಬಹುದು. ರೇಡ್‌ಗೆ ಸಿ.ಎಂ.ಆರ್. ಆರಿಸಿಕೊಳ್ಳಿ.

ರಾತ್ರಿ ಎರಡರಿಂದ ಬೆಳಗ್ಗೆ ಎಂಟು

ಭಾರತ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ 2004ರಲ್ಲಿ ಬಂತು. ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್ ಎಂದು ಅದು ವ್ಯಾಖ್ಯಾನಿಸಿತು. 2005ರ ಆರಂಭದಲ್ಲಿ ಬಿ.ಎಸ್.ಎನ್.ಎಲ್. ಡೇಟಾಒನ್ ಸೇವೆ ತಂದಾಗ ಇದೇ ವೇಗ. ತಿಂಗಳಿಗೆ ಇಷ್ಟು ಎಂದು ಮಿತಿ ಬೇರೆ. ಆದರೆ ಒಂದು ಯೋಜನೆಯಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗಿನ ಬಳಕೆ ಲೆಕ್ಕಕ್ಕಿರಲಿಲ್ಲ. ಪರಿಣಾಮವಾಗಿ ಅನೇಕ ಮನೆಗಳಲ್ಲಿ ಮನುಷ್ಯರು ಮಲಗಿದ ಮೇಲೆ ಗಣಕ ಎಚ್ಚರವಾಗುತ್ತಿತ್ತು. ಪೂರ್ತಿ ವೇಗ ಸಿಕ್ಕಿತೆಂದೇ ಇಟ್ಟುಕೊಂಡರೆ ಆರು ಗಂಟೆಯಲ್ಲಿ ಇಳಿಯುತ್ತಿದ್ದದ್ದು 691 ಮೆಗಾಬೈಟ್, ಅಂದರೆ ಒಂದು ಸಿ.ಡಿ.ಯಷ್ಟು. 2007ರ ಆರಂಭದಲ್ಲಿ ವೇಗ 2 ಮೆಗಾಬಿಟ್‌ಗೆ ಏರಿತು. ಅದೇ ಆರು ಗಂಟೆಗೆ 5.4 ಗಿಗಾಬೈಟ್, ಒಂದು ಡಿ.ವಿ.ಡಿ.ಗಿಂತ ಸ್ವಲ್ಪ ಹೆಚ್ಚು. ರಾತ್ರಿಗೊಂದು ತಟ್ಟೆ!

ಮನೆಗೆ ಬರುವ ನಾಲೆ ಕಿರಿದಾಗಿದ್ದರಿಂದ ಮನೆಯೊಳಗೆ ಕಣಜ ಬೇಕಾಯಿತು. ಕಾಲೇಜುಗಳಲ್ಲೂ ಹೀಗೆಯೇ. ಐ.ಐ.ಟಿ.ಗಳು ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌.ಪಿ.ಟಿ.ಇ.ಎಲ್. ಉಪನ್ಯಾಸಗಳ ವಿಡಿಯೋಗಳನ್ನು ಅನೇಕ ಇಂಜಿನಿಯರಿಂಗ್ ಕಾಲೇಜುಗಳು ಹಾರ್ಡ್ ಡಿಸ್ಕ್‌ನಲ್ಲಿ ತರಿಸಿಕೊಂಡು, ಕ್ಯಾಂಪಸ್ಸಿನ ಸರ್ವರ್‌ನಲ್ಲಿಟ್ಟು ವಿದ್ಯಾರ್ಥಿಗಳಿಗೆ ಒದಗಿಸಿದವು. ಶಾಲೆಗಳಿಗೆ ಇಂದಿಗೂ ಇದು ಒಳ್ಳೆಯ ಮಾದರಿ. ಒಂದು ತರಗತಿಯ ನಲವತ್ತು ಮಕ್ಕಳು ಒಂದೇ ಪ್ರಯೋಗದ ವಿಡಿಯೋ ನೋಡಲು ಅದನ್ನು ನಲವತ್ತು ಸಲ ಅಂತರಜಾಲದಿಂದ ತರಿಸಬೇಕಾಗಿಲ್ಲ.

ಮನೆಗೆಂದೇ ಸಾಧನಗಳು ಬಂದದ್ದು ಇದೇ ಹೊತ್ತಿಗೆ. ಲಿಂಕ್ಸಿಸ್ ಕಂಪನಿ 2004ರಲ್ಲಿ ಅಂಗೈಯಗಲದ ಪೆಟ್ಟಿಗೆಯೊಂದನ್ನು ಮಾರಾಟಕ್ಕಿಟ್ಟಿತು. 32 ಮೆಗಾಬೈಟ್ ಸ್ಮೃತಿ, ಎರಡು ಯು.ಎಸ್.ಬಿ. ಕಿಂಡಿ, ಡಿಸ್ಕ್ ನೀವೇ ಜೋಡಿಸಿಕೊಳ್ಳಬೇಕು. ಒಳಗೆ ಲಿನಕ್ಸ್ ಇದ್ದದ್ದರಿಂದ ಹವ್ಯಾಸಿಗಳು ಅದರ ತಂತ್ರಾಂಶ ಬದಲಿಸಿ ಹಾಡು ನುಡಿಸುವ ಯಂತ್ರ ಮಾಡಿಕೊಂಡರು. 2005ರಲ್ಲಿ ಫ್ರೀನ್ಯಾಸ್ ಎಂಬ ಉಚಿತ ತಂತ್ರಾಂಶ ಬಂತು; ಮೂಲೆಗೆ ಸೇರಿದ್ದ ಹಳೆಯ ಪಿ.ಸಿ.ಗೆ ಎಸ್.ಪಿ. ರಸ್ತೆಯಿಂದ ಎರಡು ಡಿಸ್ಕ್ ತಂದು ಹಾಕಿದರೆ ಜಾಲ-ಸಂಗ್ರಹ ಸಿದ್ಧ. ಇಂದಿಗೂ ಇದು ಅಗ್ಗದ ದಾರಿಯೇ. ಆದರೆ ವಿದ್ಯುತ್ ಲೆಕ್ಕ ಮರೆಯಬೇಡಿ. 80 ವಾಟ್ ಎಳೆಯುವ ಹಳೆಯ ಪಿ.ಸಿ. ದಿನವಿಡೀ ಓಡಿದರೆ ತಿಂಗಳಿಗೆ 57.6 ಯೂನಿಟ್. 20 ವಾಟಿನ ಪುಟ್ಟ ಪೆಟ್ಟಿಗೆಗೆ 14.4 ಯೂನಿಟ್. ಎರಡು ಮೂರು ವರ್ಷದ ಬಿಲ್ಲನ್ನು ಸೇರಿಸಿ ನೋಡಿದ ಮೇಲೆ ಯಾವುದು ಅಗ್ಗ ಎಂದು ತೀರ್ಮಾನಿಸಿ.

ಸಂಕೇತ ವಿಧಾನಗಳ ಬಗ್ಗೆಯೂ ಒಂದು ಮಾತು. ಎಂಪೆಗ್-1ರ ನಂತರ ಎಂಪೆಗ್-2, 2003ರಲ್ಲಿ ಎಚ್.264, 2013ರಲ್ಲಿ ಎಚ್.265, 2018ರಲ್ಲಿ ಎವಿ1 ಹೀಗೆ ಒಂದಕ್ಕಿಂತ ಒಂದು ಚಿತ್ರವನ್ನು ಹೆಚ್ಚು ಹಿಂಡುವ ವಿಧಾನಗಳು ಬಂದವು. ಹಳೆಯ ಟೀವಿಗೆ ಹೊಸ ಸಂಕೇತ ಅರ್ಥವಾಗುವುದಿಲ್ಲ. ಆಗ ಪೆಟ್ಟಿಗೆಯೊಳಗಿನ ಸಂಸ್ಕಾರಕ ಚಿತ್ರವನ್ನು ಬಿಡಿಸಿ, ಟೀವಿಗೆ ತಿಳಿಯುವ ಸಂಕೇತಕ್ಕೆ ಕೂಡಲೇ ಮತ್ತೆ ಕಟ್ಟಬೇಕು. ದುಬಾರಿ ಪೆಟ್ಟಿಗೆಗಳ ಬೆಲೆಯ ಒಂದು ಭಾಗ ಈ ದುಭಾಷಿ ಕೆಲಸಕ್ಕೆ. ನಿಮ್ಮ ಟೀವಿಗೆ, ಅಥವಾ ಅದಕ್ಕೆ ಚುಚ್ಚುವ ಪುಟ್ಟ ಕಡ್ಡಿಗೆ, ನಿಮ್ಮಲ್ಲಿರುವ ಕಡತಗಳು ನೇರವಾಗಿ ಅರ್ಥವಾಗುವುದಾದರೆ ಈ ಖರ್ಚು ಬೇಕಿಲ್ಲ. ಕೊಳ್ಳುವ ಮುನ್ನ ಒಂದು ಪೆನ್‌ಡ್ರೈವ್‌ನಲ್ಲಿ ನಾಲ್ಕಾರು ಬಗೆಯ ಕಡತ ಹಾಕಿ ಟೀವಿಗೆ ಚುಚ್ಚಿ ನೋಡಿ, ಸಾಕು.

ಮತ್ತೆ ಸಿಗದ್ದು ಎಷ್ಟು?

2016ರ ನಂತರ ನಾಲೆ ಅಗಲವಾಯಿತು. ಮೊಬೈಲ್ ದತ್ತಾಂಶ ಅಗ್ಗವಾಯಿತು, ಮನೆಗೆ ಬೆಳಕಿನ ತಂತು ಬಂತು, ಚಿತ್ರಗಳು ಬೇಕೆಂದಾಗ ಹರಿದುಬರತೊಡಗಿದವು. ಹಾಗಾದರೆ ಕಣಜ ಏಕೆ ಬೇಕು? ಚಂದಾ ಸೇವೆಗಳಲ್ಲಿ ಇಂದಿದ್ದ ಚಿತ್ರ ಹಕ್ಕಿನ ಅವಧಿ ಮುಗಿದ ಮೇಲೆ ಇರುವುದಿಲ್ಲ ಎಂಬುದು ಒಂದು ಉತ್ತರ. ಅದಕ್ಕಿಂತ ಬಲವಾದ ಉತ್ತರ ಆ ಕಪಾಟಿನಲ್ಲಿದೆ.

ಒಂದು ಅಂದಾಜು ಮಾಡೋಣ. ತಲಾ ಮೂರು ಗಂಟೆಯ 30 ವಿ.ಎಚ್.ಎಸ್. ಕ್ಯಾಸೆಟ್‌ಗಳನ್ನು ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಎಚ್.264ಗೆ ಪರಿವರ್ತಿಸಿದರೆ 162 ಗಿಗಾಬೈಟ್. ಒಂದು ಗಂಟೆಯ 100 ಧ್ವನಿ ಕ್ಯಾಸೆಟ್‌ಗಳನ್ನು, 2001ರಲ್ಲಿ ಬಂದ ಫ್ಲ್ಯಾಕ್ ಎಂಬ ನಷ್ಟರಹಿತ ವಿಧಾನದಲ್ಲಿ ಇಟ್ಟರೆ ಸುಮಾರು 35 ಗಿಗಾಬೈಟ್. ತಲಾ 4 ಮೆಗಾಬೈಟಿನ 20,000 ಛಾಯಾಚಿತ್ರಗಳಿಗೆ 80. ಒಟ್ಟು 300 ಗಿಗಾಬೈಟಿನೊಳಗೆ ಮೂರು ತಲೆಮಾರಿನ ಧ್ವನಿ, ಮುಖ, ಮದುವೆ, ಕಛೇರಿ ಎಲ್ಲ ಮುಗಿಯಿತು. ಇನ್ನೊಂದು ಕಡೆ, ತಲಾ 30 ಗಿಗಾಬೈಟಿನ 200 ಬ್ಲೂ-ರೇ ಚಿತ್ರಗಳಿಗೆ 6 ಟೆರಾಬೈಟ್ ಬೇಕು. ಹೋದರೆ ಮತ್ತೆ ಸಿಗುವಂಥದ್ದು ಬೆಟ್ಟದಷ್ಟು. ಹೋದರೆ ಹೋದದ್ದೇ ಆದದ್ದು ಅದರ ಇಪ್ಪತ್ತನೇ ಒಂದು ಪಾಲೂ ಇಲ್ಲ.

ಆಯ್ಕೆ ಈಗ ಸುಲಭ. ನಾಲ್ಕು ಡಿಸ್ಕ್‌ನ ದೊಡ್ಡ ಪೆಟ್ಟಿಗೆ ಕೊಂಡು ಎಲ್ಲವನ್ನೂ ಅದೊಂದರಲ್ಲೇ ಇಡುವುದಕ್ಕಿಂತ, ಎರಡು ಡಿಸ್ಕ್‌ನ ಸಾಧಾರಣ ಪೆಟ್ಟಿಗೆ ಕೊಳ್ಳಿ. ಉಳಿದ ಹಣದಲ್ಲಿ ಎರಡು ಚಿಕ್ಕ ಡಿಸ್ಕ್ ಬೇರೆಯಾಗಿ ತಂದು, ಆ 300 ಗಿಗಾಬೈಟಿನ ಪ್ರತಿ ತೆಗೆದು, ಒಂದನ್ನು ಮನೆಯ ಕಪಾಟಿನಲ್ಲೂ ಇನ್ನೊಂದನ್ನು ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಅಕ್ಕನ ಮನೆಯಲ್ಲೂ ಇಡಿ. ರೇಡ್ ಎಂದರೆ ಪ್ರತಿ ಅಲ್ಲ. ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ. ಮಗು ಅಳಿಸಿದರೆ, ನೀರು ನುಗ್ಗಿದರೆ, ಕಳ್ಳ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರೆ ಕಾಪಾಡುವುದಿಲ್ಲ. 2021ರ ಜೂನ್‌ನಲ್ಲಿ ‘ಮೈ ಬುಕ್ ಲೈವ್’ ಎಂಬ ಪೆಟ್ಟಿಗೆ ಹೊಂದಿದ್ದ ಅನೇಕರು ಬೆಳಗ್ಗೆ ಎದ್ದು ನೋಡಿದಾಗ ಒಳಗಿನದೆಲ್ಲ ಖಾಲಿಯಾಗಿತ್ತು. 2015ರ ನಂತರ ಅದರ ತಂತ್ರಾಂಶ ನವೀಕರಣ ನಿಂತುಹೋಗಿತ್ತು. ದೂರದಲ್ಲಿದ್ದ ಯಾರೋ ಅಂತರಜಾಲದ ಮೂಲಕ ಒಳನುಗ್ಗಿ ಅಳಿಸಿದ್ದರು. ಮರುವರ್ಷದ ಜನವರಿಯಲ್ಲಿ ಇನ್ನೊಂದು ಕಂಪನಿಯ ಪೆಟ್ಟಿಗೆಗಳಿಗೆ ‘ಡೆಡ್‌ಬೋಲ್ಟ್’ ಎಂಬ ಸುಲಿಗೆ ತಂತ್ರಾಂಶ ಬೀಗ ಹಾಕಿತು. ಆದ್ದರಿಂದ ಹೊರಗಿನಿಂದಲೂ ನೋಡಬಹುದೆಂಬ ಆಸೆಗೆ ಪೆಟ್ಟಿಗೆಯ ಬಾಗಿಲನ್ನು ಅಂತರಜಾಲಕ್ಕೆ ತೆರೆದಿಡಬೇಡಿ. ಎಷ್ಟು ವರ್ಷ ತಂತ್ರಾಂಶ ನವೀಕರಣ ಕೊಡುತ್ತೀರಿ ಎಂದು ಮಾರುವವರನ್ನು ಕೇಳಿ. ಟೆರಾಬೈಟ್ ಪ್ರಶ್ನೆಗಿಂತ ಮುಂಚೆ ಕೇಳಬೇಕಾದದ್ದು ಇದು.

ಕ್ಯಾಸೆಟ್‌ಗಳ ವಿಷಯದಲ್ಲಿ ಅವಸರವಿದೆ. ಜಗತ್ತಿನಲ್ಲಿ ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯೆಂದು ಹೆಸರಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಇರುವ ಯಂತ್ರಗಳಷ್ಟೇ. ಟೇಪಿನ ಮೇಲೆ ಕಾಂತೀಯ ಪುಡಿಯನ್ನು ಹಿಡಿದಿರುವ ಅಂಟು ತೇವಕ್ಕೆ ಸಡಿಲವಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಚಿತ್ರಗಳನ್ನು ನಾಳೆ ತುಂಬಿದರೂ ನಡೆದೀತು. ಕ್ಯಾಸೆಟ್‌ಗಳನ್ನು ಮೊದಲು ಎತ್ತಿಕೊಳ್ಳಿ.

ಕಡತಗಳಿಗೆ ಹೆಸರಿಡುವಾಗ ಕನ್ನಡದಲ್ಲೇ ಇಡಬಹುದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆಯಿತು. ಸಾಂಬಾ ತನ್ನ 3.0 ಆವೃತ್ತಿಯಿಂದ, ಅಂದರೆ 2003ರಿಂದ, ಯೂನಿಕೋಡ್ ಹೆಸರುಗಳನ್ನು ಜಾಲದ ಮೇಲೆ ಸರಿಯಾಗಿ ಸಾಗಿಸುತ್ತದೆ. ಹಳೆಯ ಫಾಂಟ್ ಸಂಕೇತಗಳಲ್ಲಿ ಬರೆದಿಟ್ಟ ಪಟ್ಟಿಗಳಿದ್ದರೆ ಅವನ್ನು ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಇಲ್ಲದಿದ್ದರೆ ಟೀವಿಯ ತೆರೆಯ ಮೇಲೆ ಅವು ಅರ್ಥವಿಲ್ಲದ ಗುರುತುಗಳಾಗಿ ಮೂಡುತ್ತವೆ. ‘ಟೇಪ್ 14’ ಎಂದು ಬಿಡಬೇಡಿ. ಯಾರು ಹಾಡಿದ್ದು, ಯಾವ ರಾಗ, ಯಾವ ಊರು, ಯಾವ ವರ್ಷ, ಪಕ್ಕದಲ್ಲಿ ಪಿಟೀಲು ಯಾರದು. ಕ್ಯಾಸೆಟ್ ಹೊದಿಕೆಯ ಮೇಲಿನ ಪೆನ್ಸಿಲ್ ಬರಹವನ್ನೂ ಒಂದು ಫೋಟೋ ತೆಗೆದು ಅದೇ ಮಡಿಕೆಯಲ್ಲಿ ಸೇರಿಸಿ. ಆ ಬರಹ ಓದಿ ಹೇಳಬಲ್ಲ ಅಜ್ಜಿ ಮನೆಯಲ್ಲಿದ್ದರೆ ಈ ಭಾನುವಾರವೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿ ಶುರುಮಾಡಿ.